ಪೆರ್ನೆಟ್ ತಂದ ಮಾತು

ಪೆರ್ನೆಟ್‌ಳ ಶವಪೆಟ್ಟಿಗೆ ಮೆಟ್ಟಿಲಿನ ತಿರುವಿನಲ್ಲಿ ಸಿಕ್ಕಿಕೊಂಡಿತು. ತಲೆಯ ಕಡೆ ಹಿಡಿದಿದ್ದ ಅಮಿ ವಿಯೊಲಿಯೆ ಗೋಡೆಗೆ ಬೆನ್ನು ಒತ್ತಿ ನಿಂತ. ಕಾಲಿನ ಕಡೆ ಹಿಡಿದಿದ್ದ ಅವನ ತಮ್ಮ ಜೆರೆಮಿ ಒಂದಷ್ಟು ಮೆಟ್ಟಿಲು ಕೆಳಗೆ, ನಡುವಿನ ಕಂಬಿಗಳಿಗೂ ಪೆಟ್ಟಿಗೆಗೂ ನಡುವೆ ಹಿಸುಕಿಹೋಗಿದ್ದ. ಕಲ್ಲಿನ ಸುರುಳಿ ಮೆಟ್ಟಿಲು, ಒಬ್ಬರು ಹತ್ತುವಾಗ ಇನ್ನೊಬ್ಬರು ಇಳಿಯಲಾಗದಷ್ಟು ಕಿರಿದು. ಪೆಟ್ಟಿಗೆಯ ಒಂದು ಮೂಲೆಯನ್ನು ತುಸು ಎತ್ತಿ ತಿರುಗಿಸಿದರೆ ದಾರಿಯಾಗುತ್ತದೆಂದು ಇಬ್ಬರಿಗೂ ಕಾಣುತ್ತಿತ್ತು. ಯಾವ ಮೂಲೆ ಎಂದು ಹೇಳಬೇಕಿತ್ತು, ಅಷ್ಟೇ. ಇಬ್ಬರೂ ಹೇಳಲಿಲ್ಲ.

ಕೆಳಗಿನ ತಿರುವಿನಲ್ಲಿ ಕಾಯುತ್ತಿದ್ದ ಬಸ್ತಿಯಾಂ ತಲೆಯೆತ್ತಿ ನೋಡಿದ. ನಶ್ಯದ ಡಬ್ಬಿಗಳಿಗೆ ಸಂಗೀತದ ಯಂತ್ರ ಕೂರಿಸುವವನು ಅವನು. ನೆಲಮಹಡಿಯಲ್ಲಿ ಮನೆ, ಬಾಯಿ ಮಾತ್ರ ಎಲ್ಲ ಮಹಡಿಗೂ ಸಾಲುವಷ್ಟು.

"ಯಾರಾದ್ರೂ ಒಬ್ರು ಬಾಯಿ ಬಿಡ್ರಪ್ಪ. ನಿಮ್ಮಿಬ್ರ ಮಧ್ಯೆ ಮಾತು ಹೊತ್ತು ಓಡಾಡೋ ಸ್ಥಿತೀಲಿ ಪೆರ್ನೆಟ್ ಇವತ್ತಿಲ್ಲ."

ಹಿಂದೆ ನಿಂತಿದ್ದ ಹೆಂಗಸರಲ್ಲಿ ಯಾರೋ ಕಿಸಕ್ಕೆಂದರು. ಜೆರೆಮಿ ಕೆಮ್ಮಿದ. ಗಂಟಲು ಸರಿಮಾಡಿಕೊಂಡು, ಅಮಿಯ ಮುಖ ನೋಡದೆ, ಪೆಟ್ಟಿಗೆಯ ಮೇಲಿನ ಕಪ್ಪು ಬಟ್ಟೆಗೇ ಹೇಳುವವನಂತೆ ಹೇಳಿದ:

"ಅಣ್ಣ, ನಿನ್ನ ಕಡೆ ಸ್ವಲ್ಪ ಎತ್ತು."

ಇಪ್ಪತ್ತು ವರ್ಷಕ್ಕೆ ಹತ್ತಿರವಾಗಿತ್ತು ಅಮಿ ಆ ಬಾಯಿಂದ ಆ ಪದ ಕೇಳಿ.

"ಯಾವ ಕೈ?" ಎಂದ.

"ಎಡಗೈ."

ಎತ್ತಿದ. ಪೆಟ್ಟಿಗೆ ಸಲೀಸಾಗಿ ತಿರುಗಿ ಇಳಿಯಿತು.

*

ಸರೋವರದ ದಂಡೆಯ ಸೇಂಟ್ ಜರ್ವೇ ಕುಶಲಕೆಲಸದವರ ಕೇರಿ, ಅಲ್ಲಿನ ಮನೆಗಳೆಲ್ಲ ಹೀಗೆ. ಬೆಳಕು ಬೇಕಾದ ಕೆಲಸಗಾರರು ಮೇಲಿರುತ್ತಾರೆ, ಬೆಳಕಿಲ್ಲದಿದ್ದರೂ ನಡೆಯುವವರು ಕೆಳಗೆ. ಈ ಮನೆಯ ಮೂರನೇ ಮಹಡಿಯಲ್ಲಿ ಜೆರೆಮಿ ಬಂಗಾರದ ತಗಡು ಬಡಿದು ನಶ್ಯದ ಡಬ್ಬಿಯ ಮೈ ಕಟ್ಟುತ್ತಿದ್ದ. ಐದನೇ ಮಹಡಿಯಲ್ಲಿ ಅಮಿ ಅದರ ಮೇಲೆ ಗಾಜಿನ ಪುಡಿ ಹರಡಿ, ಒಲೆಯಲ್ಲಿ ಕರಗಿಸಿ, ಎನಾಮೆಲ್ಲಿನ ಬಣ್ಣ ಹಿಡಿಸುತ್ತಿದ್ದ. ನಡುವಿನ ಮಹಡಿಯಲ್ಲಿ ಪೆರ್ನೆಟ್ ಮೆರುಗು ಹಾಕುತ್ತಿದ್ದಳು. ಹೀಗೆ ಕೈಯಿಂದ ಕೈಗೆ ಹೋಗಿ, ಮುಚ್ಚಳದಲ್ಲಿ ಉಗುರಿನಷ್ಟು ಗಡಿಯಾರ, ಹೊಟ್ಟೆಯಲ್ಲಿ ಹಾಡು ತುಂಬಿಕೊಂಡು, ಡಬ್ಬಿಗಳು ಇಸ್ತಾಂಬುಲಿನ ಪಾಷಾಗಳಿಗೂ ಕ್ಯಾಂಟನ್ನಿನ ಸಾಹುಕಾರರಿಗೂ ಹೋಗುತ್ತಿದ್ದವು. ಮಾಡಿದವರಲ್ಲಿ ಒಬ್ಬರ ಮನೆಯಲ್ಲೂ ಒಂದೂ ಉಳಿದಿರಲಿಲ್ಲ. ಇಡೀ ಮನೆಯಲ್ಲಿ ನಶ್ಯ ಏರಿಸುತ್ತಿದ್ದವಳು ಪೆರ್ನೆಟ್ ಒಬ್ಬಳೇ. ಅವಳ ನಶ್ಯ ಇರುತ್ತಿದ್ದದ್ದು ಮುಚ್ಚಳ ಸಡಿಲವಾದ ಮರದ ಡಬ್ಬಿಯಲ್ಲಿ.

ಅವಳ ಗಂಡನನ್ನು ಫ್ರೆಂಚರು ಸೈನ್ಯಕ್ಕೆ ಹಿಡಿದುಕೊಂಡು ಹೋಗಿದ್ದರು. ರಷ್ಯಾದ ಹಿಮದಿಂದ ವಾಪಸು ಬಂದವರಲ್ಲಿ ಅವನಿರಲಿಲ್ಲ. ತೊಟ್ಟಿಲಲ್ಲಿದ್ದ ಮಗಳು ಆಂದ್ರಿಯೆನ್‌ಳನ್ನು ಪೆರ್ನೆಟ್ ಮೆರುಗಿನ ಕೆಲಸದಲ್ಲೇ ಸಾಕಿದಳು. ನಗು ಅವಳಿಗೆ ಸುಲಭವಾಗಿ ಬರುತ್ತಿತ್ತು. ಮೊನ್ನೆ ಎದೆಯ ಶೀತ ಹೆಚ್ಚಾಗಿ ಮಲಗಿದಾಗಲೂ, ಕಷಾಯ ತಂದ ಪಕ್ಕದ ಮನೆಯವಳಿಗೆ, ಇಷ್ಟು ಕೆಟ್ಟದ್ದು ಕುಡಿದು ಸತ್ತರೆ ಸ್ವರ್ಗದಲ್ಲಿ ಯಾವ ಊಟ ಹಾಕಿದರೂ ರುಚಿಸುತ್ತದೆ ಎಂದಿದ್ದಳಂತೆ.

ಅಣ್ಣತಮ್ಮಂದಿರ ಜಗಳ ಶುರುವಾದದ್ದು ಒಂದು ಜೋಡಿಯಿಂದ. ಚೀನಾದವರಿಗೆ ಡಬ್ಬಿ ಎಂದರೆ ಜೋಡಿಯೇ ಆಗಬೇಕು, ಒಂದು ಇನ್ನೊಂದರ ಕನ್ನಡಿಯಂತೆ. ಕೊನೆಯ ಸುಡುವಿಕೆಯಲ್ಲಿ ಜೋಡಿಯಲ್ಲಿ ಒಂದರ ನೀಲಿ ಬಣ್ಣ ಬಲೆಯಂತೆ ಬಿರುಕು ಬಿಟ್ಟಿತು. ಅಮಿ ಇಕ್ಕಳದಲ್ಲಿ ಹಿಡಿದುಕೊಂಡೇ ಕೆಳಗೆ ಓಡಿ, ತಗಡು ತೆಳ್ಳಗೆ ಬಡಿದಿದ್ದೀಯ ಎಂದ. ಜೆರೆಮಿ, ಒಲೆ ಅತಿಯಾಗಿ ಕಾಯಿಸಿದ್ದೀಯ ಎಂದ. ತಗಡಿನಿಂದ ಒಲೆಗೆ, ಒಲೆಯಿಂದ ಅಪ್ಪನಿಗೆ, ಅಪ್ಪ ಯಾರನ್ನು ಮುದ್ದು ಮಾಡಿ ಕೆಡಿಸಿದ ಎಂಬಲ್ಲಿಗೆ ಮಾತು ಏರಿತು. ಕೊನೆಗೆ ಜೆರೆಮಿ, ನಿನ್ನ ನೀಲಿಗಿಂತ ಅಗಸಗಿತ್ತಿ ಬಟ್ಟೆಗೆ ಹಾಕುವ ನೀಲಿ ಎಷ್ಟೋ ಮೇಲು ಎಂದುಬಿಟ್ಟ. ಇನ್ನು ನಿನ್ನ ಜೊತೆ ಮಾತಾಡಿದರೆ ಕೇಳು ಎಂದು ಅಮಿ ಮೆಟ್ಟಿಲು ಹತ್ತಿದ.

ಮಾತು ನಿಂತರೂ ಕೆಲಸ ನಿಲ್ಲುವ ಹಾಗಿರಲಿಲ್ಲ. ಮೂರನೇ ಮಹಡಿಯ ಬಂಗಾರ ಐದನೇ ಮಹಡಿಗೆ ಬರಲೇಬೇಕು. ಮಾರನೆಯ ದಿನ ಪೆರ್ನೆಟ್ ಬುಟ್ಟಿಗೆ ಒಂದು ಬಟ್ಟೆ ಹಾಸಿಕೊಂಡು ಜೆರೆಮಿಯ ಬಾಗಿಲು ತಟ್ಟಿದಳು.

*

ಆ ಮೊದಲ ವರ್ಷಗಳಲ್ಲಿ ಅಮಿ ಹೇಳಿ ಕಳಿಸುತ್ತಿದ್ದ ಮಾತುಗಳು ಹೇಳಿಕೊಳ್ಳುವಂಥವಲ್ಲ.

"ಕೆಳಗಿರೋ ಕತ್ತೆಗೆ ಹೇಳು, ಮುಚ್ಚಳದ ಅಂಚು ದಪ್ಪ ಬಿಟ್ಟಿದಾನೆ. ಕಣ್ಣು ಕಾಣದಿದ್ರೆ ಕನ್ನಡಕ ತಗೊಳ್ಳಲಿ."

"ಹೇಳ್ತೀನಿ," ಎಂದು ಪೆರ್ನೆಟ್ ಬುಟ್ಟಿ ಎತ್ತಿಕೊಂಡು ಹೋಗುತ್ತಿದ್ದಳು. ಒಂದೆರಡು ದಿನ ಬಿಟ್ಟು ಬರುವಾಗ ಅಂಚು ಹದವಾಗಿ ತೆಳುವಾಗಿರುತ್ತಿತ್ತು.

"ಏನಂದ?" ಎಂದು ಅಮಿ ಒಮ್ಮೆ ಕೇಳಿದ.

"ಅಣ್ಣ ಹೇಳಿದ್ಮೇಲೆ ಸರಿಯಾಗೇ ಇರುತ್ತೆ ಅಂದ್ರು." ಅವಳು ಸೊಂಟದ ಮುಂದೆ ಕಟ್ಟಿದ ಬಟ್ಟೆಗೆ ಕೈ ಒರೆಸಿಕೊಂಡು, ಹೋಗುವವಳಂತೆ ಬಾಗಿಲವರೆಗೆ ನಡೆದು, ಅಲ್ಲಿಂದ ತಿರುಗಿದಳು. "ಮತ್ತೆ, ಹೋದ ಸಲದ ಡಬ್ಬಿ ನಾನು ಮೆರುಗಿಗೆ ಇಟ್ಕೊಂಡಿದ್ನಲ್ಲ, ಅದನ್ನ ಅವರು ಕಿಟಕಿ ಹತ್ರ ಹಿಡಿದು ಸುಮಾರು ಹೊತ್ತು ನೋಡಿದ್ರು. ಉತ್ತರದ ಬೀಸ್ ಗಾಳಿ ನಿಂತ ಮಾರನೇ ದಿನ ಸರೋವರದ ನೀರು ಹೀಗೇ ಇರುತ್ತೆ ಅಂದ್ರು."

"ಅವನಿಗೇನು ಗೊತ್ತು," ಎಂದ ಅಮಿ.

ಆದರೆ ಅವಳು ಇಳಿದುಹೋದ ಮೇಲೆ ಅವನು ಕಿಟಕಿ ತೆರೆದು ಸರೋವರವನ್ನು ನೋಡಿದ. ಆ ದಿನವಿಡೀ ಸಿಳ್ಳೆ ಹಾಕಿಕೊಂಡು ಕೆಲಸ ಮಾಡಿದ. ಮುಂದಿನ ಸಲ 'ಕತ್ತೆ' ಎಂಬ ಪದ ಬಾಯಿಗೆ ಬಂದಾಗ ಏನೋ ಮುಜುಗರವಾಗಿ, "ಕೆಳಗಿನವನಿಗೆ ಹೇಳು" ಎಂದ. ವರ್ಷಗಳು ಕಳೆದ ಹಾಗೆ ಅದು "ಜೆರೆಮಿಗೆ ಹೇಳು" ಎಂದಾಯಿತು. ಹೊಗಳಿಕೆಯನ್ನು ಮಾತ್ರ ಅವನು ಒಮ್ಮೆಯೂ ಕಳಿಸಲಿಲ್ಲ. ತಮ್ಮನ ಕಡೆಯಿಂದ ಅದು ತಪ್ಪದೆ ಬರುತ್ತಿತ್ತು. ಒಮ್ಮೆ ಡಬ್ಬಿಯ ಮೇಲಿನ ಗುಲಾಬಿಯ ಎಸಳು ಮುಟ್ಟಿದರೆ ಬೆರಳು ಒದ್ದೆಯಾದೀತು ಎಂದಿದ್ದನಂತೆ. ಇನ್ನೊಮ್ಮೆ, ಇದನ್ನು ದೂರದೇಶಕ್ಕೆ ಕಳಿಸಲು ಮನಸ್ಸೇ ಬರುವುದಿಲ್ಲ ಎಂದಿದ್ದನಂತೆ. ಪೆರ್ನೆಟ್ ಬುಟ್ಟಿ ಕೆಳಗಿಟ್ಟ ಕೂಡಲೇ ಅಮಿ ಬೇಕಂತಲೇ ಬೆನ್ನು ತಿರುಗಿಸಿ ಒಲೆ ಕೆದಕುತ್ತ, "ಏನಾದ್ರೂ ಅಂದ್ನಾ?" ಎಂದು ಕೇಳುತ್ತಿದ್ದ. ಕೇಳುವಾಗ ಕಿವಿ ಕೆಂಪಾಗುತ್ತಿದ್ದದ್ದು ಒಲೆಯ ಕಾವಿಗೆ ಎಂದುಕೊಂಡಿದ್ದ.

ಎರಡು ಸಲ ಅವನು ಮೂರನೇ ಮಹಡಿಯವರೆಗೆ ಇಳಿದು, ತಮ್ಮನ ಬಾಗಿಲು ತಟ್ಟಲು ಕೈ ಎತ್ತಿ, ತಟ್ಟದೆ ಮರಳಿದ್ದ. ಎದುರುಬದುರು ನಿಂತರೆ ಮತ್ತೆ ತಗಡು, ಒಲೆ, ಅಪ್ಪ ಎಲ್ಲ ಎದ್ದು ಬರುತ್ತದೆ. ಇಷ್ಟು ಸೊಗಸಾದ ಮಾತು ನಿಂತುಹೋಗುತ್ತದೆ ಎಂಬ ಭಯ ಅವನಿಗೆ.

*

ಪದ್ಧತಿಯಂತೆ ಹೆಂಗಸರು ಮನೆಯಲ್ಲಿ ಉಳಿದರು. ಗಂಡಸರು ಇಬ್ಬಿಬ್ಬರಾಗಿ ಪೆಟ್ಟಿಗೆಯ ಹಿಂದೆ ಹೊರಟರು. ಬೀದಿಗೆ ಬಂದ ಮೇಲೆ ಹೊರುವ ಕೆಲಸ ಕಪ್ಪು ಕೋಟಿನ ಆಳುಗಳದು. ಸತ್ತವರ ಹತ್ತಿರದ ನೆಂಟರು ಎಲ್ಲರಿಗಿಂತ ಮುಂದೆ ನಡೆಯಬೇಕು. ಪೆರ್ನೆಟ್‌ಗೆ ಅಣ್ಣತಮ್ಮಂದಿರಿಲ್ಲ, ಗಂಡುಮಕ್ಕಳಿಲ್ಲ. ಬೆಳಿಗ್ಗೆ ಆಂದ್ರಿಯೆನ್ ಮೊದಲು ಐದನೇ ಮಹಡಿಗೆ, ಆಮೇಲೆ ಮೂರನೇ ಮಹಡಿಗೆ ಹೋಗಿ ಒಂದೇ ಮಾತು ಹೇಳಿ ಬಂದಿದ್ದಳು: "ಅಮ್ಮನ ಮನೆಯವರು ಅಂದ್ರೆ ನೀವೇ. ಮುಂದೆ ನಡೀಬೇಕು." ಜೊತೆಗೆ ಇನ್ನೊಬ್ಬ ಯಾರು ಎಂದು ಅವಳು ಹೇಳಲಿಲ್ಲ. ಇವರು ಕೇಳಲಿಲ್ಲ.

ಹಾಗಾಗಿ ಇಬ್ಬರೂ ಹೆಗಲಿಗೆ ಹೆಗಲು ಸೇರಿಸಿ ನಡೆಯುತ್ತಿದ್ದರು. ರೋನ್ ನದಿಯ ಸೇತುವೆಯ ಮೇಲೆ ಬೀಸ್ ಗಾಳಿ ಮುಖಕ್ಕೆ ಹೊಡೆಯಿತು. ಜೆರೆಮಿಯ ಟೋಪಿ ಹಾರಿತು. ಅದು ಕಟಕಟೆ ದಾಟುವ ಮೊದಲು ಅಮಿ ಗಬಕ್ಕನೆ ಹಿಡಿದು ಕೈಗಿತ್ತ. ತಮ್ಮನ ತಲೆ ಬೋಳಾಗಿರುವುದನ್ನು ಅವನು ಇಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು.

"ಅಪ್ಪನ ತಲೇನೇ ಬಂದಿದೆ ನಿನಗೆ," ಎಂದ.

"ನಿನಗೆ ಅವರ ಹೊಟ್ಟೆ ಬಂದಿದೆ."

ಸೇತುವೆ ದಾಟಿದರು. ಆಮೇಲೆ ಜೆರೆಮಿ, ಟೋಪಿಯನ್ನು ಒಂದು ಕೈಯಲ್ಲಿ ಒತ್ತಿ ಹಿಡಿದು, ರಸ್ತೆ ನೋಡುತ್ತ ಮಾತು ತೆಗೆದ. ಬಹಳ ದಿನದಿಂದ ಹೇಳಬೇಕೆಂದಿದ್ದನಂತೆ. ಒಮ್ಮೆ ಪಾಷಾನ ಡಬ್ಬಿಗೆ ಅವನು ಹೊರಗೆ ಕಾಣದ ಮರೆಕೀಲು ಕೂರಿಸಿದ್ದ. ಆ ಸಲ ಅಣ್ಣ ಹೇಳಿ ಕಳಿಸಿದ ಮಾತು ಕೇಳಿ ಸಂತೋಷಕ್ಕೆ ಅವನಿಗೆ ಊಟವೇ ಸೇರಿರಲಿಲ್ಲ.

"ನಾನೇನು ಹೇಳಿ ಕಳಿಸಿದ್ದೆ?" ಎಂದು ಅಮಿ ಕೇಳಿದ.

"ಕೀಲು ಎಲ್ಲಿದೆ ಅಂತ ಅರ್ಧ ದಿನ ಹುಡುಕಿದೆ, ಸಿಗಲಿಲ್ಲ, ದೇವರು ಕಣ್ಣಿಗೆ ರೆಪ್ಪೆ ಕೂರಿಸಿದ ಹಾಗೆ ಕೂರಿಸಿದಾನೆ ಅಂತ."

ಅಮಿಗೆ ಆ ಡಬ್ಬಿ ಚೆನ್ನಾಗಿ ನೆನಪಿತ್ತು. ಅವನು ಹೇಳಿ ಕಳಿಸಿದ್ದು, ಕೀಲು ಬಿಗಿಯಾಗಿದೆ, ಎಣ್ಣೆ ಬಿಡು ಎಂದು. ಅಷ್ಟೇ. ರೆಪ್ಪೆ, ದೇವರು ಇಂಥವೆಲ್ಲ ಅವನ ಬಾಯಲ್ಲಿ ಬರುವ ಮಾತೇ ಅಲ್ಲ. ಪಕ್ಕದಲ್ಲಿ ತಮ್ಮ ಕಾಯುತ್ತಿದ್ದ. ಅವನ ಕಿವಿಗಳು ಚಳಿಗೋ ಏನೋ ಕೆಂಪಾಗಿದ್ದವು.

"ಹೂಂ," ಎಂದ ಅಮಿ. "ಹೇಳಿದ್ದೆ."

ಒಂದು ಬೀದಿ ದಾಟುವವರೆಗೆ ಸಮಾಧಾನವಾಗಿಯೇ ಇತ್ತು. ಆಮೇಲೆ ಅವನಿಗೆ ಒಂದು ಅನುಮಾನ ಎದ್ದಿತು. ತಡೆಯಲಾಗಲಿಲ್ಲ.

"ನೀನೂ ಹೇಳಿ ಕಳಿಸಿದ್ಯಲ್ಲ. ನನ್ನ ನೀಲಿ ವಿಷಯ. ಬೀಸ್ ನಿಂತ ಮಾರನೇ ದಿನದ ಸರೋವರ ಅಂತ."

ಜೆರೆಮಿಯ ಮುಖದಲ್ಲಿ ಏನೂ ಇರಲಿಲ್ಲ. ತೊಳೆದಿಟ್ಟ ತಟ್ಟೆಯಂತಿತ್ತು. ಅವನು ಒಮ್ಮೆ ಕಣ್ಣು ಮಿಟುಕಿಸಿ, ಅಣ್ಣನ ಕಡೆ ನೋಡಿ, ಮತ್ತೆ ರಸ್ತೆ ನೋಡಿದ.

"ಹೂಂ," ಎಂದ. "ಹೇಳಿದ್ದೆ."

*

ಒಂದು ಡಬ್ಬಿ ಪೂರಾ ಮುಗಿದು, ವ್ಯಾಪಾರಿಯ ಕಡೆಯವನು ಒಯ್ಯಲು ಬರುವ ಹಿಂದಿನ ಸಂಜೆ, ಪೆರ್ನೆಟ್ ಅದನ್ನು ಮಡಿಲಲ್ಲಿಟ್ಟುಕೊಂಡು ನಾಲ್ಕನೇ ಮಹಡಿಯ ಮೆಟ್ಟಿಲ ಮೇಲೆ ಕೂರುತ್ತಿದ್ದಳು. ಮನೆಯವರೆಲ್ಲ ಬಾಗಿಲು ತೆರೆಯುತ್ತಿದ್ದರು. ಅವಳು ಕೀಲಿ ಕೊಟ್ಟು ಮುಚ್ಚಳ ಎತ್ತಿದರೆ ಒಳಗಿನ ಮುಳ್ಳಿನ ಉರುಳೆ ತಿರುಗಿ, ಉಕ್ಕಿನ ಸಣ್ಣ ಸಣ್ಣ ಹಲ್ಲುಗಳನ್ನು ಮೀಟುತ್ತಿತ್ತು. ಕಲ್ಲಿನ ಸುರುಳಿಯೊಳಗೆ ಆ ಹಾಡು ನೆಲಮಹಡಿಯಿಂದ ಚಾವಣಿಯವರೆಗೆ ತುಂಬಿಕೊಳ್ಳುತ್ತಿತ್ತು. ಪಾಷಾನಿಗೂ ಮೊದಲು ಕೇಳಿದವರು ನಾವು ಎಂದು ಬಸ್ತಿಯಾಂ ಕೆಳಗಿನಿಂದ ಕೂಗುತ್ತಿದ್ದ. ಅಗಸಗಿತ್ತಿ ಬಕೆಟ್ಟು ಕೆಳಗಿಟ್ಟು, ಸಿಕ್ಕಿದವರ ಕೈ ಹಿಡಿದು ಮೆಟ್ಟಿಲ ಮೇಲೇ ಕುಣಿಯುತ್ತಿದ್ದಳು.

ಅಮಿ ಐದನೇ ಮಹಡಿಯ ಹೊಸ್ತಿಲಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಿದ್ದ. ಸ್ವಲ್ಪ ಬಾಗಿದರೆ, ಎರಡು ಮಹಡಿ ಕೆಳಗೆ, ಬಾಗಿಲಿಂದ ಆಚೆ ಚಾಚಿದ ಜೆರೆಮಿಯ ಒಂದು ಕಾಲು ಮಾತ್ರ ಕಾಣುತ್ತಿತ್ತು. ಮನೆಯ ಚಪ್ಪಲಿ ಹಾಕಿದ ಆ ಕಾಲು ತಾಳ ಹಾಕುತ್ತಿತ್ತು. ತನ್ನ ಕಾಲೂ ಅದೇ ತಾಳ ಹಾಕುತ್ತಿರುವುದು ಅಮಿಗೆ ಗೊತ್ತಾಗುತ್ತಿರಲಿಲ್ಲ. ಎರಡೂ ಕಾಲು ಒಟ್ಟಿಗೆ ಕಾಣುತ್ತಿದ್ದದ್ದು ನಡುವೆ ಕೂತವಳಿಗೆ. ಅವಳು ಮೇಲೊಮ್ಮೆ ಕೆಳಗೊಮ್ಮೆ ನೋಡಿ ನಗುತ್ತಿದ್ದಳು. ಹಾಡು ಕೇಳಿ ನಗುತ್ತಾಳೆ ಎಂದೇ ಎಲ್ಲರೂ ತಿಳಿದಿದ್ದರು.

*

ಪ್ಲೇನ್‌ಪಾಲೆಯ ಸ್ಮಶಾನದಲ್ಲಿ ಮಾತಿಲ್ಲ, ಹಾಡಿಲ್ಲ. ಟೋಪಿ ತೆಗೆದು ನಿಲ್ಲಬೇಕು, ಮಣ್ಣು ಬೀಳುವುದನ್ನು ನೋಡಬೇಕು, ಅಷ್ಟೇ. ಆ ಮೌನದಲ್ಲಿ ಅಮಿಗೆ ಒಂದೊಂದೇ ನೆನಪಾಗತೊಡಗಿತು. ಗುಲಾಬಿಯ ಒದ್ದೆ ಎಸಳು. ದೂರದೇಶಕ್ಕೆ ಕಳಿಸಲು ಬಾರದ ಮನಸ್ಸು. ಪಕ್ಕದಲ್ಲಿ ನಿಂತ ಈ ಬೋಳುತಲೆಯ ಮನುಷ್ಯ ಇದನ್ನೆಲ್ಲ ಹೇಳುವುದನ್ನು ಕಲ್ಪಿಸಿಕೊಳ್ಳಲು ನೋಡಿದ. ಆಗಲಿಲ್ಲ. ಬೆಳಿಗ್ಗೆ ಎದ್ದರೆ ಹವೆಯನ್ನು ಬೈಯುವವನು, ಸೂಪಿನಲ್ಲಿ ಉಪ್ಪು ಹುಡುಕುವವನು.

ಮೆಲ್ಲಗೆ, ತುಟಿ ಅಲುಗಿಸದೆ ಕೇಳಿದ: "ಗುಲಾಬಿ ಎಸಳು ಮುಟ್ಟಿದ್ರೆ ಒದ್ದೆಯಾಗುತ್ತೆ ಅಂದಿದ್ಯಾ?"

"ಯಾವ ಗುಲಾಬಿ?" ಎಂದ ಜೆರೆಮಿ ಅಷ್ಟೇ ಮೆಲ್ಲಗೆ. ಸ್ವಲ್ಪ ತಡೆದು: "ನನ್ನ ಕೈಗೆ ಹೂವಿನ ಮೇಲೆ ಕೂತ ಚಿಟ್ಟೆಯ ಹಗುರ ಇದೆ ಅಂತ ನೀನು ಅಂದಿದ್ಯಾ?"

ಅಮಿ ತಮ್ಮನ ಕೈ ನೋಡಿದ. ಸುತ್ತಿಗೆ ಹಿಡಿದು ಹಿಡಿದು ಹಲಗೆಯಂತಾದ, ಬೆರಳಿನ ಗಂಟುಗಳು ಆಲೂಗಡ್ಡೆಯಂತೆ ಊದಿದ ಕೈ. ಚಿಟ್ಟೆ.

ನಗು ಮೊದಲು ಮೂಗಿನಲ್ಲಿ ಬಂತು. ಅವನು ಉಸಿರು ಹಿಡಿದ. ಜೆರೆಮಿಯ ಗಂಟಲಿನಿಂದ ಹಂಡೆ ಕುದಿಯುವಂಥ ಒಂದು ಸದ್ದು ಹೊರಟಿತು. ಇಬ್ಬರೂ ಟೋಪಿಗಳಿಂದ ಮುಖ ಮುಚ್ಚಿಕೊಂಡರು. ಭುಜಗಳು ಕುಲುಕುತ್ತಿದ್ದವು, ಕಣ್ಣಿಂದ ನೀರು ಧಾರಾಕಾರವಾಗಿ ಇಳಿಯುತ್ತಿತ್ತು. ಪಾದ್ರಿ ಹತ್ತಿರ ಬಂದು ಅಮಿಯ ಕೈಗೆ ತನ್ನ ಕರವಸ್ತ್ರ ಕೊಟ್ಟು, ಅವಳು ನೆಮ್ಮದಿಯ ಜಾಗಕ್ಕೆ ಹೋಗಿದ್ದಾಳೆ ಎಂದು ಬೆನ್ನು ಸವರಿದರು. ಅದರಿಂದ ಇನ್ನೂ ಕೆಟ್ಟಿತು. ಹಿಂದೆ ಬಸ್ತಿಯಾಂ ಯಾರಿಗೋ, ಸ್ವಂತ ಅಪ್ಪ ಸತ್ತಾಗಲೂ ಇವರು ಹೀಗೆ ಅತ್ತಿರಲಿಲ್ಲ ಎಂದು ಹೇಳುತ್ತಿದ್ದದ್ದು ಕೇಳಿತು.

ನಗು ಅಡಗಿದ್ದು ವಾಪಸು ಬರುವಾಗ, ಸೇತುವೆಯ ಹತ್ತಿರ. ಜೆರೆಮಿ ಕಟಕಟೆಗೆ ಒರಗಿ ಮೂಗು ಒರೆಸಿಕೊಂಡ.

"ಹಾಗಾದ್ರೆ ಆ ಮಾತೆಲ್ಲ ಯಾರದು?"

ಕೆಳಗೆ ನೀರು ಸೇತುವೆಯ ಕಂಬಗಳ ನಡುವೆ ನುಗ್ಗುತ್ತಿತ್ತು. ಅಮಿ ಒಲೆಯಿಂದ ತೆಗೆದ ಪ್ರತಿಯೊಂದು ಡಬ್ಬಿಯನ್ನೂ ದಿನಗಟ್ಟಲೆ ಕೈಯಲ್ಲಿ ಹಿಡಿದು, ಮೂಲೆ ಮೂಲೆ ಉಜ್ಜಿ, ಕಿಟಕಿಯ ಬೆಳಕಿಗೆ ತಿರುಗಿಸಿ ತಿರುಗಿಸಿ ನೋಡಿದವಳು ಒಬ್ಬಳೇ. ಇಪ್ಪತ್ತು ವರ್ಷ ಬಾಗಿಲವರೆಗೆ ಹೋಗಿ, ತಿರುಗಿ, 'ಅವರು ಹೀಗಂದರು' ಎಂದವಳು ಒಬ್ಬಳೇ. ಮಾತು ತನ್ನದು ಎಂದು ಅವಳು ಹೇಳಿದ್ದರೆ ಅವನು ಕೇಳುತ್ತಿದ್ದನೇ? ಮೆರುಗಿನ ಹೆಂಗಸಿಗೆ ಬಣ್ಣದ ವಿಷಯ ಏನು ಗೊತ್ತು ಎಂದುಬಿಡುತ್ತಿದ್ದ. ಖಂಡಿತ ಎಂದುಬಿಡುತ್ತಿದ್ದ.

"ಅವಳದ್ದೇ," ಎಂದ ಕೊನೆಗೆ. "ಅವಳಿಗೆ ಹಾಗೇ ಕಂಡಿತ್ತು."

ಜೆರೆಮಿ ಮತ್ತೆ ಕಣ್ಣೊರೆಸಿಕೊಂಡ. ಈ ಸಲ ನಗುವಿನಿಂದಲ್ಲ.

"ಅಲ್ಲ, ನೀನೇ ಹೇಳು," ಎಂದ ಅಮಿ. "ನಿಜವಾಗ್ಲೂ ಹೇಗಿದೆ ನನ್ನ ನೀಲಿ?"

"ಚೆನ್ನಾಗಿದೆ." ತಮ್ಮ ಟೋಪಿ ಸರಿಮಾಡಿಕೊಂಡ. "ಆವತ್ತೂ ಚೆನ್ನಾಗೇ ಇತ್ತು. ಹಸಿರು ಮಾತ್ರ ನಿನ್ನ ಕೈಗೆ ಯಾವತ್ತೂ ಬಗ್ಗಲಿಲ್ಲ ಬಿಡು."

ಅಮಿಗೆ ಇಷ್ಟು ಸಾಕಾಗಿತ್ತು. ಹಸಿರಿನ ಬಗ್ಗೆ ಮನೆ ಮುಟ್ಟುವವರೆಗೂ ವಾದ ಮಾಡಿದ.

*

ನಾಲ್ಕನೇ ಮಹಡಿಯಲ್ಲಿ ಸೋಂಪು ಹಾಕಿದ ಸಾಸೇಜು ಬೇಯುವ ವಾಸನೆ ತುಂಬಿತ್ತು. ಹೆಂಗಸರು ಪಿಯರ್ ಹಣ್ಣಿನ ಕಡುಬು ಹಂಚುತ್ತ ಪೆರ್ನೆಟ್‌ಳ ಕತೆಗಳನ್ನು ಹೇಳುತ್ತಿದ್ದರು. ನಶ್ಯ ಹಾರಿ ಅವಳು ಪಾದ್ರಿಯ ಪ್ರವಚನದ ನಡುವೆ ಸೀನಿದ್ದು, ಸೀನು ನಿಲ್ಲದೆ ಇಡೀ ಸಾಲಿಗೆ ಹರಡಿದ್ದು. ಹೇಳುವವರಿಗೂ ಕೇಳುವವರಿಗೂ ಅಳುವುದಕ್ಕೆ ಪುರುಸೊತ್ತಿರಲಿಲ್ಲ.

ಆಂದ್ರಿಯೆನ್ ಇಬ್ಬರನ್ನೂ ಒಳಕೋಣೆಗೆ ಕರೆದಳು. ಕಿಟಕಿಯ ಕೆಳಗೆ ಅಮ್ಮನ ಕೆಲಸದ ಮೇಜು ಹಾಗೇ ಇತ್ತು. ಅದರ ಮೇಲೆ ಬಟ್ಟೆ ಹೊದ್ದ ಒಂದು ಡಬ್ಬಿ. ಅವಳು ಬಟ್ಟೆ ಸರಿಸಿದಳು. ಒಂದು ಪಕ್ಕದ ಬಂಗಾರ ಬೆಂಕಿಯಂತೆ ಹೊಳೆಯುತ್ತಿತ್ತು, ಇನ್ನೊಂದು ಪಕ್ಕ ಮಂಕಾಗಿತ್ತು. ಆಂದ್ರಿಯೆನ್ ಸರಪಣಿ ಹೆಣೆಯುವ ಕೆಲಸದವಳು, ಮೆರುಗು ಅವಳಿಗೆ ಬಾರದು. ಬೇರೆ ಯಾರಿಗಾದರೂ ಕೊಟ್ಟು ಮುಗಿಸಿ ಎಂದು ಹೇಳಿ ಅಡುಗೆಮನೆಗೆ ಹೋದಳು.

"ಬೇರೆ ಯಾರಿಗೆ?" ಎಂದ ಜೆರೆಮಿ.

"ಯಾರಿಗೂ ಬೇಡ," ಎಂದ ಅಮಿ, ಮತ್ತು ಕುರ್ಚಿ ಎಳೆದುಕೊಂಡ.

ಬಟ್ಟಲಲ್ಲಿ ಮೆರುಗಿನ ಕೆಂಪು ಪುಡಿ ಇತ್ತು, ಕುಂಕುಮದಷ್ಟು ನುಣ್ಣಗೆ. ಎಣ್ಣೆ ಎಷ್ಟು ಬೆರೆಸಬೇಕೆಂದು ಇಬ್ಬರಿಗೂ ಗೊತ್ತಿರಲಿಲ್ಲ. ಅಮಿ ಹೆಚ್ಚು ಹಾಕಿದ. ಜೆರೆಮಿ ಅದಕ್ಕೆ ಪುಡಿ ಸುರಿದ. ಹಾಗಲ್ಲ ಕತ್ತೆ, ಚರ್ಮದ ಪಟ್ಟಿಗೆ ಹಚ್ಚು ಎಂದು ಒಬ್ಬ, ನಿನ್ನ ಹೊಟ್ಟೆ ಪಕ್ಕಕ್ಕೆ ಇಟ್ಟುಕೊ, ಬೆಳಕು ಬರುತ್ತಿಲ್ಲ ಎಂದು ಇನ್ನೊಬ್ಬ. ದನಿ ಏರಿದಾಗ ಅಡುಗೆಮನೆಯ ಮಾತೆಲ್ಲ ನಿಂತು, ಆಂದ್ರಿಯೆನ್ ಗಾಬರಿಯಿಂದ ಬಾಗಿಲಿಗೆ ಬಂದಳು. ಅಷ್ಟರಲ್ಲಿ ಮಂಕು ಅಂಚಿನ ಒಂದು ತುದಿಯಲ್ಲಿ, ಸಾಸಿವೆಯಷ್ಟು ಜಾಗದಲ್ಲಿ, ಬಂಗಾರ ಹೊಳೆಯಿತು. ಜೆರೆಮಿ ಅಣ್ಣನ ಬೆನ್ನಿಗೆ ಫಟ್ಟನೆ ಹೊಡೆದ. ಅಮಿ ತಿರುಗಿಸಿ ಹೊಡೆದ.

ದ್ರಾಕ್ಷಾರಸ ಮುಗಿದಿತ್ತು. ನನ್ನ ಮನೆಯಲ್ಲಿ ಒಂದು ಜಾಡಿ ಇದೆ, ಬಾ ಎಂದು ಜೆರೆಮಿ ಎದ್ದ. ಊಟದ ಕೋಣೆಯನ್ನು ಹಾದು ಹೊರಟಾಗ ಜನ ಮಾತು ನಿಲ್ಲಿಸಿ ಇವರಿಗೆ ದಾರಿ ಬಿಟ್ಟರು. ಸುರುಳಿ ಮೆಟ್ಟಿಲಲ್ಲಿ ತಮ್ಮ ಮುಂದೆ, ಅಮಿ ಹಿಂದೆ. ಸಣ್ಣ ಕಿಟಕಿಯ ಸಂಜೆಬಿಸಿಲಲ್ಲಿ ಜೆರೆಮಿಯ ಹೊಚ್ಚಹೊಸ ಕಪ್ಪು ಕೋಟಿನ ಬೆನ್ನಿನ ಮೇಲೆ, ಅಗಲವಾಗಿ, ಐದು ಬೆರಳೂ ಬಿಡಿಬಿಡಿಯಾಗಿ ಮೆರುಗಿನ ಪುಡಿಯ ಒಂದು ಕೆಂಪು ಅಂಗೈ ಮೂಡಿತ್ತು. ಹೇಳೋಣವೆಂದು ಅಮಿ ಬಾಯಿ ತೆರೆದ. ಮೇಲೆ, ಬಾಗಿಲಲ್ಲಿ ನಿಂತು ಅಮಿಯ ಬೆನ್ನನ್ನು ನೋಡುತ್ತಿದ್ದ ಆಂದ್ರಿಯೆನ್ ಜೋರಾಗಿ ನಕ್ಕಳು.